ಚಲೋ ಮಾತು ಬರುವ ತನಕ

ಫಕೀರವ್ವನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ ದೇವರು ಕೈಬಿಚ್ಚಿ ಬುದ್ಧಿ ಕೊಟ್ಟ. ಸಣ್ಣವ ಅಡಿವೆಪ್ಪನ ಪಾಳಿ ಬಂದಾಗ ಡಬ್ಬಿ ಬಡಿದು ನೋಡಿ, ಮುಚ್ಚಳ ಮುಚ್ಚಿಬಿಟ್ಟ.

ದೊಡ್ಡವ ದ್ಯಾಮಣ್ಣ ಮಿಲಿಟರಿಯಲ್ಲಿದ್ದ. ರಜಕ್ಕೆ ಬಂದಾಗ ಅಂಗೈಯಗಲದ ಟ್ರಾನ್ಸಿಸ್ಟರ್ ತಂದುಕೊಟ್ಟು ಹೋದ. ಅವನು ಹೋದದ್ದೇ, ಗಡಿಯಲ್ಲಿ ಯುದ್ಧ ಹತ್ತಿತು. ಫಕೀರವ್ವನಿಗೆ ಅನ್ನ ಸೇರದು, ನಿದ್ದೆ ಹತ್ತದು. ಕಳೆ ತೆಗೆಯಲು ಹೋಗದಿದ್ದರೆ ಒಲೆಯೂ ಹತ್ತದು.

"ಅಡಿವ್ಯಾ, ನಾ ಹೊಲಕ್ಕ ಹೋಗ್ತೀನಿ. ಧಾರವಾಡ ಸ್ಟೇಷನ್ ಹಿಡದು ಕುಂದರು. ಅಣ್ಣನ ಕಡೆ ಸುದ್ದಿ ಬರ್ತದ. ಬಿಟ್ಟೀ ಮತ್ತ!"

"ಹೂನವ್ವಾ, ಬಿಡಂಗಿಲ್ಲ!"

ಹಿಡಿದ. ಧಾರವಾಡಕ್ಕೆ ನಡೆದು ಹೋಗಿ, ರೈಲ್ವೆ ಸ್ಟೇಷನ್ನಿನ ಕಂಬ ತಬ್ಬಿ ಹಿಡಿದ. ಪೋರ್ಟರ್ ಬೈದ, ಬಿಡಲಿಲ್ಲ. ಪೊಲೀಸ ಬಂದು ನಾಲ್ಕು ಬಿಟ್ಟ, ಆಗ ಬಿಟ್ಟ.

"ಅಯ್ಯ ನನ್ನ ಕರ್ಮವೇ! ಸ್ಟೇಷನ್ ಇರೂದು ರೇಡಿಯೋದಾಗೋ! ಅದನ್ನ ಕಿವಿಗೆ ಹಚ್ಚಿಕೋ. ಅದು ಹೇಳಿದ್ದನ್ನ ಒಂದಕ್ಷರ ಬಿಡದಂಗ ನನಗ ಬಂದು ಹೇಳು!"

ಮರುದಿನ ಕೇಳಿದ. ಕೇಳಿದವನೇ ಹೊಲಕ್ಕೆ ಓಡಿದ.

"ಯವ್ವಾ! ಗರ್ರ್... ಕಿಂಯ್... ಗಡಿಯಲ್ಲಿ..."

ಫಕೀರವ್ವನ ಕೈ ನಿಂತುಹೋಯಿತು. "ಗಡಿಯೊಳಗ ಏನೋ?"

"ಗಡಿಯಲ್ಲಿ... ಪೀಂಯ್... ಗೊರ್ರ್!"

ಸಾಲಿನ ಹೆಂಗಸರು ನಕ್ಕರು. "ಫಕೀರವ್ವಾ, ನಿನ್ನ ಮಗಗ ಹೊಸಾ ಶೆಲ್ ಹಾಕಸವ್ವಾ!"

ಅವಳು ನಗಲಿಲ್ಲ. ರೇಡಿಯೋದ ಬಗಲಿನ ಗುಂಡಿಗೆ ಆ ಊರಲ್ಲಿ ಕಿವಿ ಎನ್ನುತ್ತಿದ್ದರು.

"ಮಂಕ ಮಗನ! ಗರ್ ಅಂದ್ರ ಹಂಗ ಬಿಡತಾರೇನೋ? ಕಿವಿ ಹಿಡದು ತಿರುವಬೇಕು! ಚಲೋ ಮಾತು ಬರೂ ತನಕ ತಿರುವತಿರಬೇಕು!"

"ಹೂನವ್ವಾ, ತಿರುವತೀನಿ!"

ಅಂದೇ ಸಂಜೆ ಊರ ಗೌಡರು ಬಾಗಿಲಿಗೆ ಬಂದರು. ಅವರು ಆ ಹೊಸ್ತಿಲಿಗೆ ಎಂದೂ ಬಂದವರಲ್ಲ.

"ಫಕೀರವ್ವಾ... ನಿನ್ನ ದ್ಯಾಮಣ್ಣ... ಗಡಿಯೊಳಗ..." ಎಂದರು. ಗಂಟಲು ಗರ್ರ್ ಎಂದಿತು. ಮುಂದೆ ಮಾತು ಹೊರಡಲಿಲ್ಲ.

ಗರ್ರ್ ಎಂದದ್ದೇ ತಡ, ಅಡಿವೆಪ್ಪ ಎದ್ದ. ಗೌಡರ ಕಿವಿ ಹಿಡಿದ. ತಿರುವಿದ! ರುಮಾಲು ಉರುಳಿ ಬಿತ್ತು.

"ಏ ಹುಚ್ಚಾ, ಬಿಡೋ!" ಓಣಿಯ ಮಂದಿ ಕೂಗಿತು.

"ಚಲೋ ಮಾತು ಬರೂ ತನಕಾ ಬಿಡಂಗಿಲ್ಲ!"

ಗೌಡರು ಬೈಯಲಿಲ್ಲ. ಕೊಸರಿಕೊಳ್ಳಲೂ ಇಲ್ಲ. ತಲೆ ತಗ್ಗಿಸಿ, ಕಿವಿ ಕೊಟ್ಟು ನಿಂತೇಬಿಟ್ಟರು. ಅದನ್ನು ನೋಡಿಯೇ ಫಕೀರವ್ವ ಗೋಡೆ ಹಿಡಿದು ಕುಸಿದಳು. ಮಗನನ್ನು ಬೈಯಲು ಬಾಯಿ ತೆರೆದಳು.

"ತಿರುವೋ ನನ್ನಪ್ಪಾ," ಎಂದಳು. "ಇನ್ನಷ್ಟು ತಿರುವು."