ಹೊಂಬಾಳಮ್ಮನ ಹತ್ತು ರೂಪಾಯಿ ದೀಪಾವಳಿ

ಕೇಳುವವರು ಹತ್ತಿರ ಬನ್ನಿ. ನಂಬದವರು ಸ್ವಲ್ಪ ದೂರ ಕೂತರೂ ಆದೀತು, ಕಿವಿ ಮಾತ್ರ ಈ ಕಡೆಗಿರಲಿ.

ಬಿಲ್ಲೇನಹಳ್ಳಿಯ ಮೇಲಿನ ಬೀದಿಯಲ್ಲಿ ಹೊಂಬಾಳಮ್ಮ ಎಂಬ ತಾಯಿ, ಬೋರಲಿಂಗ ಎಂಬ ಮಗ. ತಾಯಿ ಹಪ್ಪಳ ಲಟ್ಟಿಸುತ್ತಿದ್ದಳು, ಮಗ ಅಕ್ಕಿಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಈ ಮನೆತನದ ಹಿರಿಯನೊಬ್ಬ ಬರಿಗೈಯಲ್ಲಿ ಹುಲಿಯನ್ನು ಕೊಂದನೆಂದು ಊರಲ್ಲಿ ಪ್ರತೀತಿ. ಹುಲಿಯ ಕಡೆಯವರನ್ನು ಯಾರೂ ವಿಚಾರಿಸಿಲ್ಲ. ಅದೇನೇ ಇರಲಿ, ಆ ಹಿರಿಯನ ತೋಳು ಬೋರಲಿಂಗನಿಗೆ ಬಂದಿತ್ತು. ತಲೆ ಮಾತ್ರ ಯಾರ ಕಡೆಯಿಂದಲೂ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವನ ಗುಣ, ಅದೇ ತಾಯಿಯ ಕಣ್ಣೀರು.

ಹುಡುಗನನ್ನು ನೋಡಲು ಹೆಣ್ಣಿನವರು ಬರುತ್ತಿದ್ದರು. ಬಂದವರು ಲೋಟದ ಕಾಫಿ ಮುಗಿಯುವುದರೊಳಗೆ ಹುಡುಗನ ಬುದ್ಧಿಯ ಆಳವನ್ನು ಅಳೆದು, "ಆಮೇಲೆ ಹೇಳಿಕಳಿಸ್ತೀವಮ್ಮ" ಎಂದು ಎದ್ದು ಹೋಗುತ್ತಿದ್ದರು. ಆ 'ಆಮೇಲೆ' ಎಂಬುದು ಯಾವತ್ತೂ ಬಂದದ್ದಿಲ್ಲ. ಕೊನೆಗೆ ಸೋಮನಕೆರೆಯವರು ಮಾತ್ರ, ಪುಣ್ಯವೋ ಗ್ರಹಚಾರವೋ, ಒಪ್ಪುವ ಹಾಗೆ ಕಂಡರು. ಅವರು ಬಂದ ದಿನ ಬೋರಲಿಂಗನಿಗೆ ಹಲ್ಲುನೋವು; ಬಾಯಿ ತೆರೆದಿರಲಿಲ್ಲ.

"ಹುಡುಗ ಗಂಭೀರ. ಇನ್ನು ಮನೆ ನೋಡೋ ಶಾಸ್ತ್ರ ಒಂದು ಉಳೀತು. ಬಲಿಪಾಡ್ಯಮಿ ದಿನ ಬರ್ತೀವಿ" ಎಂದು ಹೇಳಿಕಳಿಸಿದರು.

ಬಲಿಪಾಡ್ಯಮಿಯಂದು ಬಲಿ ಚಕ್ರವರ್ತಿಯೂ ಭೂಮಿಗೆ ಬಂದು ತನ್ನ ರಾಜ್ಯವನ್ನು ನೋಡಿಕೊಂಡು ಹೋಗುತ್ತಾನೆನ್ನುತ್ತಾರೆ. ಅವನು ಗೋಡೆಯ ಸುಣ್ಣ ನೋಡಿದನೆಂದು ಯಾವ ಪುರಾಣದಲ್ಲೂ ಇಲ್ಲ. ಹೆಣ್ಣಿನವರು ನೋಡುತ್ತಾರೆ. ಹೊಂಬಾಳಮ್ಮ ತನ್ನ ಮನೆಯನ್ನು ಬೇರೆಯವರ ಕಣ್ಣಿನಿಂದ ಒಮ್ಮೆ ನೋಡಿಕೊಂಡಳು. ಬಿರುಕುಬಿಟ್ಟ ಬಾಗಿಲುವಾಡ, ಹೊಗೆ ಹಿಡಿದ ಗೋಡೆ, ಬೋಳು ಜಗುಲಿ. 'ಇಷ್ಟು ದಿನ ಹುಡುಗನ್ನ ನೋಡಿ ಓಡಿದ್ರು. ಈಗ ಮನೆ ನೋಡಿ ಓಡಿದ್ರೆ, ನನ್ ಮಗನಿಗೆ ಈ ಜನ್ಮದಲ್ಲಿ ಮದುವೆ ಇಲ್ಲ.'

ಬಸ್ ನಿಲ್ದಾಣದ ಎದುರು 'ಏನು ತಗೊಂಡ್ರೂ ಹತ್ತು' ಎಂಬ ಅಂಗಡಿ ಆಗಿತ್ತು. ಹಬ್ಬ ಬಂದರೆ ಸಾಕು, ಅದರ ಬಾಗಿಲಲ್ಲಿ ಬಣ್ಣದ ಕಾಗದವೂ ಥರ್ಮಾಕೋಲೂ ಬೆಟ್ಟದ ಹಾಗೆ. ಹೊಂಬಾಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಗನನ್ನು ಕರೆದಳು.

"ಲೋ ಬೋರಲಿಂಗ, ಆಕಾಶಬುಟ್ಟಿ ಮಾಡ್ಬೇಕು. ಹೋಗು, ಬಣ್ಣದ ಕಾಗದ ತಗೊಂಡು ಬಾ. ದಾರೀಲಿ ಎಲ್ಲೂ ಬೀಳಿಸ್ಬೇಡ!"

"ಬೀಳಿಸಲ್ಲ ಅಮ್ಮಾ!"

ಆಕಾಶಬುಟ್ಟಿಯ ಬೆಳಕು ಸತ್ತ ಹಿರಿಯರಿಗೆ ದಾರಿ ತೋರಿಸುತ್ತದೆಂದು ಹೇಳಿಕೆ. ಹಿರಿಯರು ಬಂದದ್ದನ್ನು ಕಂಡವರಿಲ್ಲ. ಎದುರು ಮನೆಯವರು ಬಂದು 'ಎಷ್ಟಾಯ್ತು?' ಎಂದು ಕೇಳುವುದಂತೂ ಖಂಡಿತ.

ಬೋರಲಿಂಗ ಹೋದ, ಬೋರಲಿಂಗ ಬಂದ. ಕೈಯಲ್ಲಿ ಏನೂ ಇಲ್ಲ.

"ಕಾಗದ ಎಲ್ಲೋ?"

ಬೋರಲಿಂಗ ಚಡ್ಡಿಯ ಜೇಬಿಗೆ ಕೈಹಾಕಿದ. ಒಂದು ಕೆಂಪು ಉಂಡೆ ಬಂತು. ಇನ್ನೊಂದು ಜೇಬಿಗೆ ಕೈಹಾಕಿದ. ಒಂದು ಹಸಿರು ಉಂಡೆ ಬಂತು.

"ಬೀಳ್ಲೇ ಇಲ್ಲ ನೋಡಮ್ಮಾ! ಗಟ್ಟಿಯಾಗಿ ತುರುಕ್ದೆ!"

"ಅಯ್ಯೋ ನನ್ ಕರ್ಮವೇ! ಕಾಗದನ ಬದನೆಕಾಯಿ ಮಾಡ್ಕೊಂಡು ಬಂದ್ಯಲ್ಲೋ! ಹಾಗಲ್ಲ ಕಣೋ ತರೋದು. ಸುರುಳಿ ಸುತ್ತಬೇಕು, ಬಿಗಿಯಾಗಿ ಸುತ್ತಬೇಕು, ದಾರ ಕಟ್ಟಿ ಕಂಕುಳಲ್ಲಿ ಇಟ್ಕೊಂಡು ಬರ್ಬೇಕು!"

"ಹ್ಞೂ ಅಮ್ಮಾ, ಇನ್ಮೇಲೆ ಹಾಗೇ ಮಾಡ್ತೀನಿ!"

ಹೊಂಬಾಳಮ್ಮ ಉಂಡೆಗಳನ್ನು ಬಿಡಿಸಿ, ನೀರು ಚಿಮುಕಿಸದೆ ಹಗುರವಾಗಿ ಇಸ್ತ್ರಿ ತೀಡಿ, ಬಿದಿರುಕಡ್ಡಿಗೆ ಅಂಟಿಸಿದಳು. ಆಕಾಶಬುಟ್ಟಿ ಆಯಿತು. ಸುಕ್ಕು ಇತ್ತು, ಎತ್ತರದಲ್ಲಿ ತೂಗುಹಾಕಿದರೆ ಯಾರ ಕಣ್ಣಿಗೂ ಕಾಣದು ಎಂದುಕೊಂಡಳು.

ಮರುದಿನ ಇನ್ನೊಂದು ಯೋಚನೆ. ಬಾಗಿಲುವಾಡಕ್ಕೆ ಕಮಾನು ಕತ್ತರಿಸಿ ನಿಲ್ಲಿಸಿದರೆ ಬಿರುಕು ಮುಚ್ಚುತ್ತದೆ.

"ಲೋ ಬೋರಲಿಂಗ, ಥರ್ಮಾಕೋಲ್ ಹಾಳೆ ತಗೊಂಡು ಬಾ. ನೆನ್ನೆ ಹೇಳಿದ್ದು ನೆನಪಿದೆ ತಾನೆ?"

"ಇದೆ ಅಮ್ಮಾ, ಇದೆ!"

ನೆನಪಿದ್ದುದೇ ತಪ್ಪಾಯಿತು. ಬೋರಲಿಂಗ ಹೋದ, ಬೋರಲಿಂಗ ಬಂದ. ತಲೆ ಬೆಳ್ಳಗೆ, ಹುಬ್ಬು ಬೆಳ್ಳಗೆ, ಮೀಸೆ ಬೆಳ್ಳಗೆ. ಕಂಕುಳಲ್ಲಿ ದಾರ ಕಟ್ಟಿದ ಒಂದು ಗೋಣಿಚೀಲ.

"ಸುತ್ತಿದೆ ಅಮ್ಮಾ! ಸುತ್ತಿಸ್ಕೊಳ್ಳಲ್ಲ ಅಂತು. ಬಿಡ್ಲಿಲ್ಲ! ಮಂಡಿ ಕೊಟ್ಟು ಸುತ್ತಿದೆ! ಲಟ್ ಅಂತು, ಪಟ್ ಅಂತು. ಆಮೇಲೆ ಸುಮ್ಮನಾಯ್ತು."

ಚೀಲ ಬಿಚ್ಚಿದರೆ ಮಂಡಕ್ಕಿ ಸುರಿದ ಹಾಗೆ ಬಿಳಿ ಕಾಳು ಸುರಿಯಿತು. ಅಂಗಳದ ಕೋಳಿಗಳೆಲ್ಲ ಓಡಿ ಬಂದವು.

"ಅಯ್ಯೋ ನನ್ ಕರ್ಮವೇ! ಅದೇನು ಚಾಪೆಯೇನೋ ಸುತ್ತೋಕೆ? ಅಂಥದ್ದನ್ನ ಮಟ್ಟಸವಾಗಿ ತಲೆ ಮೇಲೆ ಇಟ್ಕೋಬೇಕು. ಗಾಳಿಗೆ ಹಾರದ ಹಾಗೆ ಮೇಲೊಂದು ಭಾರದ ಕಲ್ಲು ಹೇರ್ಕೊಂಡು ತರ್ಬೇಕು!"

"ಹ್ಞೂ ಅಮ್ಮಾ, ಇನ್ಮೇಲೆ ಹಾಗೇ ಮಾಡ್ತೀನಿ!"

ಕೋಳಿಗಳನ್ನು ಓಡಿಸಿ, ಉಳಿದ ಕಾಳನ್ನು ಹೊಂಬಾಳಮ್ಮ ಸೂಜಿದಾರದಲ್ಲಿ ಪೋಣಿಸಿದಳು. ದೂರದಿಂದ ಮಲ್ಲಿಗೆ ಮೊಗ್ಗಿನ ಮಾಲೆಯ ಹಾಗೇ ಇತ್ತು. ಎದುರು ಮನೆಯವರು ಬಂದು, "ಎಷ್ಟಾಯ್ತು?" ಎಂದರು. ಹೊಂಬಾಳಮ್ಮ, "ಮೈಸೂರಿಂದ ತರಿಸಿದ್ದು" ಎಂದಳು.

ಇನ್ನು ಹಣತೆ. ಹಬ್ಬದ ಸಂತೆಯಲ್ಲಿ ಹಣತೆ ದುಬಾರಿ. ಹತ್ತರ ಅಂಗಡಿಯಲ್ಲಿ ರಾಶಿ ಕೊಡುತ್ತಾರೆ.

ಬೋರಲಿಂಗ ಹೋದ, ಬೋರಲಿಂಗ ಬಂದ. ತಲೆಯ ಮೇಲೊಂದು ಮಣೆ, ಮಣೆಯ ಮೇಲೆ ಹಣತೆ, ಹಣತೆಯ ಮೇಲೊಂದು ಕಡೆಯುವ ಕಲ್ಲು!

"ಒಂದೂ ಹಾರ್ಲಿಲ್ಲ ಅಮ್ಮಾ! ಗಾಳಿ ಎಷ್ಟು ಬೀಸಿದ್ರೂ ಒಂದೂ ಹಾರ್ಲಿಲ್ಲ!"

"ಹಾರೋಕೆ ಅದೇನು ಗುಬ್ಬಚ್ಚಿಯೇನೋ! ಎಲ್ಲಾ ಬೋಕಿಬಿಲ್ಲೆ ಆಗಿದೆಯಲ್ಲೋ!" ಹೊಂಬಾಳಮ್ಮ ತಲೆಗೆ ಕೈಹೊತ್ತಳು. "ಅಯ್ಯೋ ನನ್ ಕರ್ಮವೇ! ಹೊಸ ಸಾಮಾನು ಅಂದ್ರೆ ನಾಜೂಕು ಬೇಡ್ವೇನೋ? ಹಣತೆ ತಂದ ಕೂಡ್ಲೇ ಬಕೆಟ್ ನೀರಲ್ಲಿ ಮುಳುಗಿಸ್ಬೇಕು. ಒಂದು ಹಗಲು ಚೆನ್ನಾಗಿ ನೆನೀಬೇಕು. ಆಗ ಎಣ್ಣೆ ಕುಡಿಯಲ್ಲ, ಬಹಳ ಹೊತ್ತು ಬಾಳುತ್ತೆ!"

"ಹ್ಞೂ ಅಮ್ಮಾ, ಇನ್ಮೇಲೆ ಹಾಗೇ ಮಾಡ್ತೀನಿ!"

ಹಣತೆಯ ಚೂರುಗಳಿಗೆ ಸುಣ್ಣ, ಕೆಮ್ಮಣ್ಣು ಬಳಿದು, ಮೈದಾ ಅಂಟಿನಲ್ಲಿ ಬಾಗಿಲುವಾಡದ ಬಿರುಕಿಗೆ ಮೆತ್ತಿದಳು. ಅದೊಂದು ಚಿತ್ತಾರವಾಯಿತು. ಮಗ ಕೆಡಿಸಿದ್ದರಲ್ಲೇ ಮನೆ ಚೆಂದವಾಗುತ್ತಿದೆ ಎಂಬುದನ್ನು ಹೊಂಬಾಳಮ್ಮ ಗಮನಿಸಿದಳು, ಒಪ್ಪಿಕೊಳ್ಳಲಿಲ್ಲ.

ಹಬ್ಬದ ಹಿಂದಿನ ದಿನ ಕಡೆಯ ಸಾಮಾನು: ಕಾಗದದ ಚೆಂಡುಹೂವಿನ ಹಾರ, ಬಾಗಿಲಿಗೆ. ಈ ಸಲ ಅವಳು ಮಗನ ಕೈ ಹಿಡಿದು ಹೇಳಿದಳು. "ತುರುಕ್ಬೇಡ. ಸುತ್ಬೇಡ. ಕಲ್ಲು ಹೇರ್ಬೇಡ. ಗೊತ್ತಾಯ್ತಾ?"

"ಗೊತ್ತಾಯ್ತು ಅಮ್ಮಾ!"

ತುರುಕಲಿಲ್ಲ, ಸುತ್ತಲಿಲ್ಲ, ಕಲ್ಲು ಹೇರಲಿಲ್ಲ. ಹಾರವನ್ನು ಎರಡು ಕೈಯಲ್ಲಿ ದೇವರನ್ನು ತರುವ ಹಾಗೆ ತಂದ. ತಾಯಿ ಒಳಗೆ ಹಪ್ಪಳದ ಹಿಟ್ಟು ಕುಟ್ಟುತ್ತಿದ್ದಳು. ಸದ್ದಿಲ್ಲದೆ ಹಿತ್ತಲಿಗೆ ಹೋದ.

ಸಂಜೆ ಹೊಂಬಾಳಮ್ಮ ಬಕೆಟ್ಟಿಗೆ ಇಣುಕಿದರೆ ಕೇಸರಿ ನೀರು. ಕೈ ಹಾಕಿದರೆ ಅಂಬಲಿ.

"ನೆನೆಸಿದೀನಿ ಅಮ್ಮಾ! ಎಣ್ಣೆ ಒಂದು ತೊಟ್ಟೂ ಕುಡಿಯಲ್ಲ!"

ಹೊಂಬಾಳಮ್ಮ ಬಕೆಟ್ಟಿನ ಪಕ್ಕದಲ್ಲೇ ಕುಸಿದು ಕೂತಳು. "ಅಯ್ಯೋ ನನ್ ಕರ್ಮವೇ... ಅಲಂಕಾರದ ಸಾಮಾನು ಅಂದ್ರೆ ಜೋಪಾನ ಮಾಡೋದು ಕಲಿಯೋ ಮಗನೇ. ಬಂದವರು ಎದ್ದ ಕೂಡ್ಲೇ, ಅಲಂಕಾರಕ್ಕೆ ತಂದದ್ದನ್ನೆಲ್ಲ ಇಳಿಸ್ಬೇಕು, ಧೂಳು ಕೊಡವ್ಬೇಕು, ಪ್ಲಾಸ್ಟಿಕ್ ಕವರ್ ಸುತ್ತಿ, ನುಸಿಗುಳಿಗೆ ಹಾಕಿ ಅಟ್ಟಕ್ಕೆ ಏರಿಸ್ಬೇಕು. ಬರೋ ವರ್ಷಕ್ಕೆ ಹೊಸದರ ಹಾಗಿರುತ್ತೆ."

"ಹ್ಞೂ ಅಮ್ಮಾ, ಇನ್ಮೇಲೆ ಹಾಗೇ ಮಾಡ್ತೀನಿ!"

ಕೇಸರಿ ನೀರಿಗೆ ಸುಣ್ಣ ಕಲಸಿ ಹೊಗೆ ಹಿಡಿದ ಗೋಡೆಗೆ ಬಳಿದಳು. ಗೋಡೆ ಮದುವೆ ಮನೆಯ ಹಾಗೆ ಕಳಕಳಿಸಿತು.

ಎಲ್ಲ ಆಯಿತು. ಆದರೆ ಜಗುಲಿ ಇನ್ನೂ ಬೋಳು ಅನ್ನಿಸಿತು. ಗಂಡ ತೀರಿಕೊಂಡ ಮನೆ; ಹಿರಿಯ ಗಂಡಸೊಬ್ಬ ಕೂತಿದ್ದರೆ ಮನೆಗೊಂದು ತೂಕ. ಬೀದಿಯ ಕೊನೆಯಲ್ಲಿ ಸೈಕಲ್ ಅಂಗಡಿಯ ಮರಿಸಿದ್ದಪ್ಪ ಇದ್ದ. ಅವನಲ್ಲಿ ಹೇಳಿಕೊಳ್ಳುವಂಥದ್ದು ಒಂದು ಮೀಸೆ ಮಾತ್ರ. ಆದರೆ ಆ ಮೀಸೆ ಜಮೀನ್ದಾರರದ್ದು.

"ಅಣ್ಣಾ, ಒಂದು ಬೆಳಗ್ಗೆ ನಮ್ ಜಗುಲೀಲಿ ಕೂತ್ಕೊಳ್ಳಿ ಸಾಕು. ಹುಡುಗನ ದೊಡ್ಡಪ್ಪ ಅಂತೀನಿ. ನೀವು ಬರೀ ಹ್ಞೂ ಅನ್ನಿ."

"ಒಬ್ಬಟ್ಟು ಉಂಟೇನಮ್ಮ?"

"ಉಂಟು."

"ಹಾಗಾದ್ರೆ ಹ್ಞೂ."

ಪಾಡ್ಯಮಿ ಬೆಳಗ್ಗೆ ಮರಿಸಿದ್ದಪ್ಪನಿಗೆ ರೇಷ್ಮೆ ಶಲ್ಯ ಹೊದಿಸಿ ಕೂರಿಸಿದಳು. ಮಗನಿಗೆ ಹೊಸ ಪಂಚೆ ಉಡಿಸಿ ಪಕ್ಕದಲ್ಲಿ ಕೂರಿಸಿದಳು. ಬೆರಳೆತ್ತಿ ಹೇಳಿದಳು. "ನೋಡೋ, ಇವರು ಇವತ್ತು ನಮ್ಮನೆಗೆ ಅಲಂಕಾರಕ್ಕೆ ಬಂದಿರೋರು. ನೀನೂ ಅಲಂಕಾರಕ್ಕೇ ಕೂತಿರೋನು. ಬಾಯಿ ಬಿಚ್ಬೇಡ!"

ಬೋರಲಿಂಗ ಬಾಯಿ ಮುಚ್ಚಿಕೊಂಡೇ ತಲೆಯಾಡಿಸಿದ.

ಸೋಮನಕೆರೆಯವರು ಕಾರಿನಲ್ಲಿ ಬಂದರು. ಹುಡುಗಿಯ ತಂದೆ ಸಿದ್ದರಾಜಪ್ಪ, ಅಜ್ಜಿ ಕೆಂಚಮ್ಮ, ಜೊತೆಗೆ ಕರಿ ಕೋಟಿನ ಒಬ್ಬರು. "ಇವರು ಹುಡುಗಿ ಚಿಕ್ಕಪ್ಪ, ದೊಡ್ಡ ಆಫೀಸರು" ಎಂದು ಸಿದ್ದರಾಜಪ್ಪ ಪರಿಚಯಿಸಿದ. ಕೋಟು ಹ್ಞೂ ಎಂದಿತು. ಮೀಸೆಯೂ ಹ್ಞೂ ಎಂದಿತು. ಆಮೇಲೆ ಇಬ್ಬರೂ ಒಬ್ಬಟ್ಟು ತಿಂದರು.

ಅಜ್ಜಿ ಗೋಡೆ ನೋಡಿದಳು, ಬಾಗಿಲ ಚಿತ್ತಾರ ನೋಡಿದಳು, ಮಲ್ಲಿಗೆ ಮಾಲೆಯನ್ನು ಮೂಸಿ ನೋಡಿದಳು. ಸಿದ್ದರಾಜಪ್ಪ, "ಲಕ್ಷಣವಾಗಿದೆಯಮ್ಮ ಮನೆ! ಹಿತ್ತಲು, ನೀರು, ಒಂದ್ಸಲ ನೋಡ್ಬಿಟ್ರೆ ತಾಂಬೂಲ ಬದಲಾಯಿಸೋದೇ" ಎಂದು ಎದ್ದ. ಬಂದವರೆಲ್ಲ ಎದ್ದರು; ಮೀಸೆ ಮಾತ್ರ ಇನ್ನೊಂದು ಒಬ್ಬಟ್ಟಿಗೆ ಕೈಹಾಕಿತು. ಹೊಂಬಾಳಮ್ಮನ ಕಾಲು ನೆಲದ ಮೇಲಿರಲಿಲ್ಲ. ಮುಂದೆ ಮುಂದೆ ಹೋಗಿ ನಲ್ಲಿ ತೋರಿಸಿದಳು, ತೊಳೆದ ಕಲ್ಲು ತೋರಿಸಿದಳು, ನುಗ್ಗೆಮರ ತೋರಿಸಿದಳು.

ತೋರಿಸಿ, ಅವರನ್ನು ಕರೆದುಕೊಂಡು ಒಳಗೆ ಬಂದಳು. ಬಂದವಳು ನಿಂತೇಬಿಟ್ಟಳು.

ಆಕಾಶಬುಟ್ಟಿ ಇಲ್ಲ! ಮಲ್ಲಿಗೆ ಮಾಲೆ ಇಲ್ಲ! ಬಾಗಿಲ ಚಿತ್ತಾರ ಕಿತ್ತು ಬಿರುಕು ಬಾಯ್ದೆರೆದಿದೆ! ಜಗುಲಿಯ ಮೇಲೆ ರೇಷ್ಮೆ ಶಲ್ಯವಿಲ್ಲ, ಮೀಸೆಯಿಲ್ಲ, ಮಗನೂ ಇಲ್ಲ!

ಮೇಲಿನಿಂದ ಒಂದು ಸೀನು ಬಂತು. ಇನ್ನೊಂದು ಬಂತು.

ಎಲ್ಲರೂ ತಲೆಯೆತ್ತಿದರು. ಅಟ್ಟದ ಅಂಚಿನಲ್ಲಿ, ಕೊರಳವರೆಗೆ ಪ್ಲಾಸ್ಟಿಕ್ ಸುತ್ತಿಸಿಕೊಂಡು, ಮಡಿಲ ತುಂಬ ನುಸಿಗುಳಿಗೆ ತುಂಬಿಸಿಕೊಂಡು, ಮರಿಸಿದ್ದಪ್ಪ ಕೂತಿದ್ದ. ಮೂಟೆ ಹೊತ್ತ ತೋಳಿಗೆ ಮೀಸೆ ಎಷ್ಟರದ್ದು!

"ಅಮ್ಮಾ ತಾಯೀ," ಎಂದ ಮರಿಸಿದ್ದಪ್ಪ, "ಒಬ್ಬಟ್ಟು ಬಾಯಲ್ಲಿತ್ತು, ಬೇಡ ಅನ್ನೋಕೂ ಆಗ್ಲಿಲ್ಲ! ನನ್ನ ಇಳಿಸಿ. ನಾನು ಯಾರ ದೊಡ್ಡಪ್ಪನೂ ಅಲ್ಲ, ಸೈಕಲ್ ಪಂಕ್ಚರ್ ಹಾಕೋನು!"

ಸಿದ್ದರಾಜಪ್ಪನ ಮುಖ ಕೆಂಪಾಯಿತು. "ಏನಮ್ಮಾ ಇದು? ಬಾಡಿಗೆ ದೊಡ್ಡಪ್ಪನಾ? ನಮ್ಮಂಥ ಮನೆತನದವರಿಗೆ ಈ ಮೋಸವಾ?"

ಮುಗಿಯಿತು, ಇದೂ 'ಆಮೇಲೆ' ಆಯಿತು ಎಂದುಕೊಂಡಳು ಹೊಂಬಾಳಮ್ಮ. ಅಷ್ಟರಲ್ಲಿ ಕೋಟಿನವರು ಅಟ್ಟವನ್ನೊಮ್ಮೆ, ಪ್ಲಾಸ್ಟಿಕ್ಕನ್ನೊಮ್ಮೆ ನೋಡಿ, ಮೆಲ್ಲಗೆ ಬಾಗಿಲ ಕಡೆಗೆ ಜಾರತೊಡಗಿದರು. ಅಜ್ಜಿ ಕೆಂಚಮ್ಮ ಕೋಟಿನ ತೋಳು ಹಿಡಿದಳು. ಹಿಡಿದು ನಗತೊಡಗಿದಳು. ನಗುತ್ತ ನಗುತ್ತ ನೆಲದ ಮೇಲೇ ಕೂತಳು.

"ಎಲ್ಲಿಗ್ ಓಡ್ತೀಯಾ ಡ್ರೈವರಪ್ಪ? ಹೆದರ್ಬೇಡ, ನಿನ್ನನ್ನೇನೂ ಅಟ್ಟಕ್ಕೆ ಹಾಕಲ್ಲ. ಲೋ ಸಿದ್ದರಾಜ, ಕೋಟು ನಿನ್ನ ಮದುವೇದು. ಕೋಟೊಳಗಿರೋನು ಬಾಡಿಗೆ ಕಾರಿನೋನು. ನೀನ್ಯಾವ ಬಾಯಲ್ಲಿ ಮೋಸ ಅಂತೀಯೋ? ಅವರ್ದೂ ಅಲಂಕಾರ, ನಮ್ದೂ ಅಲಂಕಾರ. ಮುಯ್ಯಿಗೆ ಮುಯ್ಯಿ ಆಯ್ತು. ತಾಂಬೂಲ ತನ್ನಿ!"

ಸಿದ್ದರಾಜಪ್ಪ ಕೆಮ್ಮಿದ. ಡ್ರೈವರು ಕೋಟಿನ ಗುಂಡಿ ಬಿಚ್ಚಿ ಉಸಿರಾಡಿದ. ಹೊಂಬಾಳಮ್ಮನಿಗೆ ಹೋದ ಜೀವ ಬಂದಂತಾಗಿ, ಓಡಿಹೋಗಿ ವೀಳ್ಯದೆಲೆಯ ತಟ್ಟೆ ತಂದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗೆ.

"ಹುಡುಗನ್ನ ಕರೀರಮ್ಮ. ಅವನ ಕೈಗೇ ಕೊಡ್ತೀನಿ" ಎಂದಳು ಅಜ್ಜಿ.

"ಬೋರಲಿಂಗಾ! ಲೋ ಮಗನೇ! ಎಲ್ಲಿದ್ದೀಯೋ? ಬಾರೋ!"

ಏಣಿ ನೋಡಿದರೆ ಏಣಿಯೂ ಇಲ್ಲ, ಮೇಲಕ್ಕೆ ಎಳೆದುಕೊಂಡಾಗಿದೆ. ಮರಿಸಿದ್ದಪ್ಪನ ಬೆನ್ನ ಹಿಂದೆ, ಅಟ್ಟದ ಕತ್ತಲೆ ಮೂಲೆಯಲ್ಲಿ, ಪ್ಲಾಸ್ಟಿಕ್ ಸರಪರ ಎಂದಿತು.

"ನೀನೇ ಬಾಯಿ ಬಿಚ್ಬೇಡ ಅಂದಿದ್ದೆ, ಅದಕ್ಕೇ ಸುಮ್ನಿದ್ದೆ ಅಮ್ಮಾ!" ಎಂದಿತು ಆ ಪ್ಲಾಸ್ಟಿಕ್ಕು.

"ಇಳಿಯೋ ಪೆದ್ದೇ! ತಾಂಬೂಲ ಕಣೋ! ನಿನ್ ಮದುವೆ ಕಣೋ!"

"ಇಳಿಯಲ್ಲ! ನಾನೂ ಅಲಂಕಾರಕ್ಕೇ ಕೂತಿದ್ದೋನು ತಾನೆ? ಈಗ ತಾನೇ ಧೂಳು ಕೊಡವಿ ಸುತ್ಕೊಂಡಿದೀನಿ. ಇಳಿದ್ರೆ ಕೆಟ್ಟುಹೋಗ್ತೀನಿ!" ಎಂದ ಬೋರಲಿಂಗ. ಬಾಯಿಗೊಂದು ನುಸಿಗುಳಿಗೆ ಹಾಕಿಕೊಳ್ಳಲು ಹೋಗಿ, ಮರಿಸಿದ್ದಪ್ಪ ಬೇಡವೆಂದು ಕೂಗಿದ್ದರಿಂದ ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡ. "ಅಜ್ಜೀ, ನೀವು ಹುಡುಗೀನೂ ಚೆನ್ನಾಗಿ ಕವರ್ ಸುತ್ತಿ ಇಟ್ಟಿರಿ. ಬರೋ ದೀಪಾವಳಿಗೆ ಇಬ್ರನ್ನೂ ಒಟ್ಟಿಗೆ ಇಳಿಸ್ಕೊಳ್ಳೋಣ!"