ಗಾಣದ ಮೇಲೆ ಬಿದ್ದ ಕಲ್ಲು

ಭುಜಂಗರಾಯ ಪಟ್ಟಕ್ಕೆ ಬಂದ ಒಂಬತ್ತನೆಯ ವರ್ಷ, ಮಹಾನವಮಿಯ ಮರುದಿನ ಮಧ್ಯಾಹ್ನ, ಮುಳ್ಳಗೆರೆಯಲ್ಲಿ ಆಕಾಶದಿಂದ ಒಂದು ಕಲ್ಲು ಬಿತ್ತು.

ಅರಸನಿಗೆ ಆಕಾಶದ ಕಲ್ಲುಗಳ ಹುಚ್ಚು. ಅವನ್ನಿಡಲೆಂದೇ ಅರಮನೆಯಲ್ಲಿ ಒಂದು ಕಲ್ಲುಮನೆ ಕಟ್ಟಿಸಿದ್ದ. ಮರಳುಗಾಡಿನಿಂದ ಒಂಟೆಯ ಮೇಲೆ ಬಂದ ಕಲ್ಲು ಅಲ್ಲಿತ್ತು. ಹಿಮದ ನಾಡಿನಲ್ಲಿ ಬೆಳ್ಳನೆಯ ನೆಲದ ಮೇಲೆ ಕಪ್ಪಗೆ ಕಂಡು ಸಿಕ್ಕಿಬಿದ್ದ ಕಲ್ಲೂ ಇತ್ತು. ಅವನ ರಾಜ್ಯದ್ದು ಮಾತ್ರ ಒಂದೂ ಇರಲಿಲ್ಲ. ಆಕಾಶ ತನ್ನನ್ನು ಬೇಕೆಂದೇ ಕಡೆಗಣಿಸುತ್ತಿದೆ ಎಂದು ಅವನು ನಂಬಿದ್ದ.

ಈಗ ಬಿತ್ತು. ಬಿದ್ದದ್ದು ಆ ಊರಿನ ನೀಲವ್ವನ ಎಣ್ಣೆಗಾಣದ ಮೇಲೆ. ಸೂರು ತೂತಾಯಿತು, ಒರಳು ಎರಡು ಹೋಳಾಯಿತು. ಎತ್ತು ಹೊರಗೆ ಮೇಯುತ್ತಿದ್ದುದರಿಂದ ಉಳಿಯಿತು.

ಕಲ್ಲು ಸಂಜೆಯೊಳಗೆ ಪಲ್ಲಕ್ಕಿಯಲ್ಲಿ ಅರಮನೆ ಸೇರಿತು. ನೀಲವ್ವ ಅದರ ಹಿಂದೆಯೇ ನಡೆದು ಬಂದಳು.

"ಬುದ್ಧಿ, ಕಲ್ಲು ತಮಗಿರಲಿ. ನನ್ನ ಗಾಣಕ್ಕೊಂದು ದಾರಿ ತೋರಿಸಿ."

"ನಾನೇನು ಎಸೆದೆನೆ?" ಎಂದ ಅರಸ. "ಕಲ್ಲು ಬೀಳುವ ಜಾಗದಲ್ಲಿ ಗಾಣ ಇಟ್ಟವಳು ನೀನು."

"ದೀಪಾವಳಿಗೆ ಅರಮನೆಯ ದೀಪದೆಣ್ಣೆ ನಾನೇ ಕೊಡಬೇಕಲ್ಲ ಬುದ್ಧಿ?"

"ಕೊಡು. ಕೊಡದಿದ್ದರೆ ಗಾಣದ ಜಾಗ ಬೇರೆಯವರಿಗೆ ಹೋಗುತ್ತದೆ. ಅದು ಹಳೆಯ ಕರಾರು."

ನೀಲವ್ವ ಹೋಗುವಾಗ ಅರಸನ ಪಕ್ಕದಲ್ಲಿ ನಿಂತಿದ್ದ ಸಂಕಣ್ಣನ ಮುಖ ಒಮ್ಮೆ ನೋಡಿದಳು, ಅಷ್ಟೆ.

ಸಂಕಣ್ಣ ಆಸ್ಥಾನಿಕ. ಕಲ್ಲುಮನೆಯ ಉಸ್ತುವಾರಿಯೂ ಅವನದ್ದೇ. ಕಲ್ಲುಗಳ ಧೂಳು ಒರೆಸುವುದು, ಅರಸನ ಮಾತಿಗೆ ತಲೆದೂಗುವುದು, ಎರಡನ್ನೂ ಅವನು ಅಚ್ಚುಕಟ್ಟಾಗಿ ಮಾಡುತ್ತಿದ್ದ. ಆ ಹೊತ್ತು ತಲೆದೂಗಲು ಕುತ್ತಿಗೆ ಒಪ್ಪಲಿಲ್ಲ.

"ಹಿತ್ತಾಳೆಯ ಫಲಕ ಬರೆಸು," ಎಂದ ಅರಸ. "ಭುಜಂಗರಾಯ ಶಿಲೆ."

"ಕಟ್ಟಳೆ ಒಪ್ಪುವುದಿಲ್ಲ, ಪ್ರಭು."

"ಯಾವನ ಕಟ್ಟಳೆ?"

"ತಮ್ಮದೇ."

ನಿಜ. ಪಕ್ಕದ ರಾಜ್ಯದ ದೊರೆ ಸೋಯಿದೇವ ಹಿಂದೊಮ್ಮೆ ಒಂದು ಕಲ್ಲಿಗೆ ತನ್ನ ಹೆಸರಿಟ್ಟು ಕಾಣಿಕೆ ಕಳಿಸಿದ್ದ. ಭುಜಂಗರಾಯನ ಹೊಟ್ಟೆ ಉರಿದಿತ್ತು. ಕಲ್ಲಿಗೆ ಬಿದ್ದ ಜಾಗದ ಹೆಸರೇ ಹೊರತು ಮನುಷ್ಯರ ಹೆಸರಿಲ್ಲ ಎಂದು ಅಂದೇ ಕಟ್ಟಳೆ ಮಾಡಿ, ಆ ಫಲಕ ಕೀಳಿಸಿದ್ದ.

"ದೀಪಾವಳಿಗೆ ಸೋಯಿದೇವರು ಬರುತ್ತಾರೆ," ಎಂದ ಸಂಕಣ್ಣ. "ಬಂದವರು ಮೊದಲು ಫಲಕವನ್ನೇ ಓದುತ್ತಾರೆ."

ಅರಸ ಮೀಸೆ ಕಚ್ಚಿದ. "ಏನಾದರೂ ದಾರಿ ಹುಡುಕು."

"ಇದೆ. ಬಿದ್ದ ಜಾಗವೇ ತಮ್ಮದಾದರೆ 'ಭುಜಂಗರಾಯನ ಗಾಣ' ಎಂದು ಬರೆಯಬಹುದು. ಅದು ಜಾಗದ ಹೆಸರೇ. ಆದರೆ ಗಾಣ ನೀಲವ್ವನದು."

"ನೀಲವ್ವನದಂತೆ! ಈ ನಾಡಿನ ಹುಲ್ಲುಕಡ್ಡಿಯೂ ನನ್ನದು. ಆ ಸೂರು, ಆ ಒರಳು, ಆ ಗಾಣ, ಎಲ್ಲಾ ನನ್ನದು."

"ಇದನ್ನೇ ತುಂಬಿದ ಸಭೆಯಲ್ಲಿ ಒಂದು ಸಲ ಅಪ್ಪಣೆ ಕೊಡಿಸಿದರೆ ಸಾಕು."

ಅರಸ ಸಭೆಯಲ್ಲಿ ಗಟ್ಟಿಯಾಗಿಯೇ ಹೇಳಿದ. ಎಲ್ಲರೂ ಕೇಳಿಸಿಕೊಂಡರು. ಫಲಕ ಕೂತಿತು.

ಮರುದಿನ ಸಂಕಣ್ಣ ಮತ್ತೆ ಕೈಮುಗಿದು ನಿಂತ.

"ಸೋಯಿದೇವರಿಗೂ ಕಲ್ಲಿನ ಹುಚ್ಚು. ಬಿದ್ದ ಜಾಗ ನೋಡಬೇಕು ಎನ್ನದೆ ಬಿಡುವುದಿಲ್ಲ. ಹೋದರೆ ಭುಜಂಗರಾಯರ ಗಾಣ ಮುರಿದು ಬಿದ್ದಿರುತ್ತದೆ. ಒಂದು ಒರಳು ಮಾಡಿಸಲಾರದವನು ಎಂದುಕೊಂಡರೆ?"

ಅರಮನೆಯ ಬಡಗಿಗಳು ಮುಳ್ಳಗೆರೆಗೆ ಓಡಿದರು. ಹೊಸ ಒರಳು ಬಂತು, ಹೊಸ ನೊಗ ಬಂತು, ಸೂರಿಗೆ ಹೆಂಚು ಬಂತು. ಮೊದಲು ಅಲ್ಲಿದ್ದದ್ದು ಹುಲ್ಲು.

ದೀಪಾವಳಿ ಹತ್ತಿರವಾಯಿತು. ಎಣ್ಣೆ ಬರಲಿಲ್ಲ. ಅರಸ ನೀಲವ್ವನನ್ನು ಸಭೆಗೆ ಕರೆಸಿದ.

"ಎಣ್ಣೆ ಎಲ್ಲಿ?"

"ನಾನು ಆ ಕಡೆ ಕಾಲಿಟ್ಟಿಲ್ಲ ಬುದ್ಧಿ. ದೊರೆಗಳ ಗಾಣ. ನನ್ನ ಎತ್ತು ತಿಳುವಳಿಕೆ ಇಲ್ಲದ್ದು, ಅಲ್ಲೇ ಸಗಣಿ ಹಾಕಿಬಿಟ್ಟರೆ?"

"ನೋಡಿದೆಯಾ ಇವಳ ಮಾತು?" ಅರಸ ಸಂಕಣ್ಣನ ಕಡೆ ತಿರುಗಿದ. "ಕರಾರಿನಲ್ಲಿ ಏನಿದೆ, ಹೇಳು."

"ಗಾಣದ ಒಡೆಯರು ಅರಮನೆಗೆ ಎಣ್ಣೆ ಕೊಡಬೇಕು ಎಂದಿದೆ, ಪ್ರಭು."

"ಮತ್ತೆ?"

"ಒಡೆಯರು ತಾವು. ಈ ಸಲ ತಾವು ತಮಗೇ ಬಾಕಿ. ಕೊಡದಿದ್ದರೆ ತಮ್ಮಿಂದ ಜಾಗ ಕಿತ್ತುಕೊಳ್ಳಬೇಕಾಗುತ್ತದೆ. ಆ ಕೆಲಸಕ್ಕೆ ಯಾರನ್ನು ಕಳಿಸಲಿ?"

ಸಭೆಯಲ್ಲಿ ಯಾರೋ ಕೆಮ್ಮಿದರು. ಇನ್ನೊಬ್ಬರಿಗೂ ಕೆಮ್ಮು ಬಂತು.

ಸೋಯಿದೇವನ ಆನೆಗಳು ಗಡಿ ದಾಟಿವೆ ಎಂಬ ಸುದ್ದಿ ಬೆಳಿಗ್ಗೆಯೇ ಬಂದಿತ್ತು. ಕತ್ತಲೆ ಅರಮನೆಗೆ ಅತಿಥಿ ಬಂದರೆ ಫಲಕ ಓದುವುದಕ್ಕೂ ಬೆಳಕಿರುವುದಿಲ್ಲ. ಅರಸ ಇದನ್ನು ತಾನೇ ಲೆಕ್ಕ ಹಾಕಿಕೊಂಡ. ಸಂಕಣ್ಣ ಹೇಳಬೇಕಾಗಲಿಲ್ಲ.

"ಗಾಣ ನೀಲವ್ವನದೇ," ಎಂದ ಕೊನೆಗೆ. "ಹೋಗಮ್ಮ, ಆಡಿಸು."

"ಹೊಸ ಒರಳು, ಬುದ್ಧಿ?"

"ಅದೂ ನಿನ್ನದೇ."

"ಹೆಂಚು?"

"ಹೋಗಮ್ಮ ಅಂದೆನಲ್ಲ."

ನೀಲವ್ವ ಕೈಮುಗಿದು ಹೊರಟಳು. ಈ ಸಲ ಸಂಕಣ್ಣನ ಮುಖ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ನಕ್ಕುಬಿಡುತ್ತಿದ್ದರು.

ಸಂಕಣ್ಣ ಕಲ್ಲುಮನೆಗೆ ಹೋಗಿ ಫಲಕ ಬಿಚ್ಚಿ ತಂದ. "ಕಟ್ಟಳೆಯಂತೆ ಇನ್ನು 'ನೀಲವ್ವನ ಗಾಣ' ಎಂದು ಕೆತ್ತಿಸಬೇಕು."

ಅರಸ ಆ ಹಿತ್ತಾಳೆಯನ್ನೇ ನೋಡುತ್ತಾ ಕೂತ. "ಸಂಕಣ್ಣಾ, ಒಂದಾದರೂ ಕಲ್ಲಿಗೆ ನನ್ನ ಹೆಸರು ಬರುವ ದಾರಿಯೇ ಇಲ್ಲವೇ?"

"ಒಂದಿದೆ, ಪ್ರಭು. ಯಾರಿಗೂ ಸೇರದ ಬಯಲಿನಲ್ಲಿ ಕಿರೀಟ ತೆಗೆದಿಟ್ಟು ನಿಂತುಕೊಳ್ಳಬೇಕು. ಕಲ್ಲು ನೇರವಾಗಿ ತಮ್ಮ ಮೇಲೆಯೇ ಬಿದ್ದರೆ, ಬಿದ್ದ ಜಾಗ ಯಾವುದು ಎಂದು ಸೋಯಿದೇವರೂ ಕೇಳುವುದಿಲ್ಲ."

ಅರಸ ನಕ್ಕ. ನಗದೆ ಬೇರೆ ದಾರಿ ಇರಲಿಲ್ಲ, ಸಭೆ ಆಗಲೇ ನಗುತ್ತಿತ್ತು. ಹೆಗಲ ಮೇಲಿನ ಶಾಲು ತೆಗೆದು ಸಂಕಣ್ಣನಿಗೆ ಹೊದಿಸಿದ.

ಆ ವರ್ಷದ ಕೊನೆಗೆ ಕಲ್ಲುಮನೆಯಲ್ಲಿದ್ದ ಕಲ್ಲುಗಳು ನಲವತ್ತೊಂದು. ಅರಸನ ಹೆಸರಿನವು ಸೊನ್ನೆ.