ನಾಯಿಗೆ ಕೈ ಮುಗಿದ ಪಾಲಕ್ಕ

ಕೇಳಿ ಇಲ್ಲಿ, ನೀವು ನಂಬಲ್ಲ. ಓಬಳನ ಅವ್ವನೂ ನಂಬಲಿಲ್ಲ. ಅವನು ಕೆರೆ ಕಡೆಯಿಂದ ಒಂದೇ ಉಸಿರಿಗೆ ಓಡ್ಕೊಂಡು ಬಂದ, ಅವನ ಹಿಂದೆ ಅವನ ಎಳೇ ನಾಯಿ ಬುಗುರಿ ಓಡ್ಕೊಂಡು ಬಂತು. ಇಬ್ಬರೂ ನಾಲಿಗೆ ಹೊರಗೆ ಹಾಕ್ಕೊಂಡು ಬಾಗಿಲಲ್ಲಿ ನಿಂತ್ರು.

"ಅವ್ವಾ, ಈಗ ತಾನೇ ಕಣ್ಣಾರೆ ನೋಡ್ದೆ. ಒಂದು ನಾಯಿ ಒಡತಿ ಮಾತು ಮೀರ್ತು. ಒಡತಿ ಏನು ಮಾಡಿದ್ಳು ಗೊತ್ತಾ? ನಾಯಿಗೆ ಕೈ ಮುಗಿದ್ಳು."

"ಬಿಸಿಲಿಗೆ ತಲೆ ಕೆಟ್ಟಿರ್ಬೇಕು," ಅಂದ್ಳು ಅವ್ವ. "ಅವಳಿಗೋ, ನಿನಗೋ?"

ವಿಷಯ ಏನಪ್ಪಾ ಅಂದ್ರೆ, ಓಬಳನ ಅಪ್ಪ ಆ ಕೆರೇಲಿ ಬಾತುಕೋಳಿ ಹೊಡೆದು ಪಾಳೆಯದ ನಾಯಕರ ಮನೆಗೆ ಕೊಡ್ತಿದ್ದ. ಅಪ್ಪ ತೀರಿಕೊಂಡ, ಅವನ ಮುದಿ ನಾಯಿನೂ ಹೋಯ್ತು. ನಾಯಕರು ಹೇಳಿ ಕಳಿಸಿದ್ರು: ಚಳಿಗಾಲದ ಹಕ್ಕಿ ಬರೋ ಹೊತ್ತಿಗೆ ನಿನ್ನ ನಾಯಿ ತಯಾರಿರ್ಲಿ, ಇಲ್ಲಾಂದ್ರೆ ಕೆರೆ ಬೇರೆಯವರಿಗೆ. ಆ ಕೆರೆ ತುಂಬಾ ಜೊಂಡು, ತಾವರೆ ಬಳ್ಳಿ. ಬಾಣ ತಾಗಿ ಬಿದ್ದ ಹಕ್ಕಿನ ನಾಯಿ ಹುಡುಕಿ ತರದಿದ್ರೆ ಅದು ಮನುಷ್ಯನ ಕೈಗೆ ಸಿಗೋ ಮಾತೇ ಇಲ್ಲ. ಬುಗುರಿಗೋ ಹೆಸರಿಗೆ ತಕ್ಕ ಕಾಲು, ನಿಂತಲ್ಲಿ ನಿಲ್ಲಲ್ಲ. ಓಬಳನೂ ಅಷ್ಟೇ. ಕೂತು ಮುದ್ದೆ ನುಂಗೋಕೂ ಪುರುಸೊತ್ತಿಲ್ಲ. ಅದಕ್ಕೇ ನಾಯಿಗೆ ಬೇಟೆ ಕಲಿಸೋರನ್ನ ಹುಡುಕ್ಕೊಂಡು ಬೆಳಗ್ಗೆನೇ ಹೊರಟಿದ್ದ.

ಮೊದಲು ಹೋಗಿದ್ದು ಸೂರಯ್ಯನ ಹತ್ರ. ಅಬ್ಬಾ, ಏನು ನಾಯಿಗಳು ಅಂತೀರಿ! ಸಿಳ್ಳೆ ಹಾಕಿದ್ರೆ ಕೂತ್ವು. ಕೈ ಎತ್ತಿದ ಕಡೆ ನೀರಿಗೆ ಹಾರಿದ್ವು. ಮೂಗಿನ ಮುಂದೆ ಮಾಂಸ ಇಟ್ರೂ ಅವನ ಮುಖನೇ ನೋಡ್ತಿದ್ವು.

"ನನ್ನ ನಾಯಿಗೆ ಸ್ವಂತ ಬುದ್ಧಿ ಇರಲ್ಲ," ಅಂದ ಸೂರಯ್ಯ, ಮೀಸೆ ತಿರುವಿ. "ನನ್ನ ಬುದ್ಧಿನೇ ಅದರ ಬುದ್ಧಿ."

ಆಮೇಲೆ ಪಾಲಕ್ಕನ ಹತ್ರ, ಅವಳೂ ನಾಯಿಗೆ ಬೇಟೆ ಕಲಿಸೋಳೇ. ಎಲೆಯಡಿಕೆ ಜಗೀತಾ ಕೆರೆ ದಡದಲ್ಲಿ ನಿಂತಿದ್ಳು. ಒಂದು ಬಾತಿಗೆ ಬಾಣ ಬಿಟ್ಟು, ಅದು ಬಿದ್ದ ಎಡಗಡೆಗೆ ಕೈ ತೋರಿಸಿದ್ಳು. ನಾಯಿ ಅರ್ಧ ದಾರಿ ಈಜಿ ನಿಂತ್ಕೊಂಡು ತಿರುಗಿ ನೋಡ್ತು. ಅವಳು ಮತ್ತೆ ಎಡಕ್ಕೇ ತೋರಿಸಿದ್ಳು. ನಾಯಿ ಬಲಕ್ಕೆ ಹೋಯ್ತು! ಜೊಂಡಿನೊಳಗಿಂದ ಬಾತು ಕಚ್ಕೊಂಡು ಬಂತು. ಗಾಯದ ಹಕ್ಕಿ ನೀರಲ್ಲಿ ಮುಳುಗಿ ಆ ಕಡೆ ಹೋಗಿತ್ತು. ಪಾಲಕ್ಕ ನಾಯಿ ಮುಂದೆ ಎರಡೂ ಕೈ ಜೋಡಿಸಿದ್ಳು. ಓಬಳನಿಗೆ ನಗು ತಡೆಯೋಕಾಗ್ಲಿಲ್ಲ.

"ಬಾತು ಸಿಕ್ತಲ್ಲೋ," ಅಂದ್ಳು ಅವ್ವ.

"ಇವತ್ತು ಸಿಕ್ತು. ನಾಳೆ ನಾಯಕರ ಎದುರಿಗೆ ಮಾತು ಮೀರಿದ್ರೆ ಮಾನ ಯಾರದ್ದು ಹೋಗೋದು?"

ಹಾಗಂತ ಬುಗುರಿನ ಸೂರಯ್ಯನ ಹತ್ರ ಬಿಟ್ಟ. ಚಳಿಗಾಲ ಬರೋ ಹೊತ್ತಿಗೆ ಬುಗುರಿ ಎಷ್ಟು ಕಲಿತಿತ್ತು ಅಂದ್ರೆ, ಕೂರು ಅಂದ್ರೆ ಕಲ್ಲಾಗ್ತಿತ್ತು.

ಬೇಟೆ ದಿನ ಬಂತು. ನಾಯಕರು ನೆಂಟರನ್ನ ಕರ್ಕೊಂಡು ಬಂದು ದಡದಲ್ಲಿ ನಿಂತ್ರು. ಓಬಳನ ಬಾಣ ತಾಗ್ತು, ಬಾತು ಎಡಕ್ಕೆ ಬಿತ್ತು, ಬುಗುರಿ ನೀರಿಗೆ ಹಾರ್ತು. ಅರ್ಧ ದಾರೀಲಿ ಅದರ ಮೂಗು ಬಲಕ್ಕೆ ತಿರುಗ್ತು. ಓಬಳನಿಗೆ ಜೀವ ಬಾಯಿಗೆ ಬಂತು. ಸಿಳ್ಳೆ ಹಾಕಿದ, ಎಡಕ್ಕೆ ಕೈ ಬೀಸಿದ. ಪಾಪ, ಬುಗುರಿ ಎಡಕ್ಕೇ ಹೋಯ್ತು. ಖಾಲಿ ನೀರಲ್ಲಿ ಸುತ್ತಿದ್ದೇ ಸುತ್ತಿದ್ದು.

ನಾಯಕರು ಅಂದ್ರು, "ನಿನ್ನ ನಾಯಿ ಚೆನ್ನಾಗಿ ಮಾತು ಕೇಳುತ್ತೆ ಕಣಯ್ಯ. ನೆಂಟರಿಗೆ ಅದನ್ನೇ ಬಡಿಸ್ಲಾ? ಹುಣ್ಣಿಮೆಗೆ ಮತ್ತೆ ಬರ್ತೀನಿ. ಅದೇ ಕೊನೆ."

ಮಾರನೇ ದಿನ ಬಲಗಡೆ ಜೊಂಡಲ್ಲಿ ಆ ಬಾತಿನ ಪುಕ್ಕ ಸಿಕ್ತು. ಉಳಿದಿದ್ದು ನರಿ ಪಾಲಾಗಿತ್ತು. ಓಬಳ ಪುಕ್ಕ ಹಿಡ್ಕೊಂಡು ಸೀದಾ ಪಾಲಕ್ಕನ ಮನೆಗೆ ಓಡಿದ.

"ನಗ್ತಾ ಹೋದೋನು ಅಳ್ತಾ ಬಂದ್ಯಾ?" ಅಂದ್ಳು ಅವಳು. "ಕೂತ್ಕೊ. ಮೊದಲು ನೀನು ಕೂತ್ಕೊ, ನಾಯಿ ಆಮೇಲೆ."

ಅವಳು ಮಾಡಿದ್ದೇನು ಗೊತ್ತಾ? ಸತ್ತ ಬಾತನ್ನ ಒಂದು ಕಡೆ ಬಚ್ಚಿಟ್ಟು, ಓಬಳನಿಗೆ ಬೇಕಂತಲೇ ಇನ್ನೊಂದು ಕಡೆ ಕೈ ತೋರಿಸು ಅಂದ್ಳು. ಬುಗುರಿ ಕೈ ನೋಡಿ ಹೋದಾಗೆಲ್ಲ ಬರಿಬಾಯಲ್ಲಿ ವಾಪಸ್. ಕೊನೆಗೊಂದು ದಿನ ಗಾಳಿ ಮೂಸಿ, ಹೆದರ್ತಾ ಹೆದರ್ತಾ ತನ್ನ ದಾರಿ ಹಿಡೀತು. ಬಾತು ತಂತು.

"ಮುಗಿ ಕೈ," ಅಂದ್ಳು ಪಾಲಕ್ಕ.

"ನಾಯಿಗಾ?"

"ಅದಕ್ಕಿಂತ ಕಡೆಯಾದವರಿಗೆಲ್ಲ ಮುಗಿದಿದ್ದೀಯ, ಮುಗಿ. ಕೂರು ಅಂದ್ರೆ ಅದು ಕೂರಬೇಕು, ಬಾ ಅಂದ್ರೆ ಬರಬೇಕು, ಅದರಲ್ಲಿ ಸಲಿಗೆ ಇಲ್ಲ. ಆದ್ರೆ ಬಾತು ಎಲ್ಲಿದೆ ಅಂತ ಹೇಳೋ ಮೂಗು ಅದರದ್ದು, ನಿಂದಲ್ಲ."

ಹುಣ್ಣಿಮೆ ಬಂತು, ನಾಯಕರೂ ಬಂದ್ರು. ಬಾಣ ತಾಗ್ತು, ಬಾತು ಒಂಟಿ ಬಂಡೆ ಹತ್ರ ಎಡಕ್ಕೆ ಬಿತ್ತು. ಓಬಳನೂ ನೋಡ್ದ, ನಾಯಕರೂ ನೋಡಿದ್ರು. ಅವನು ಎಡಕ್ಕೆ ಕೈ ತೋರಿಸಿದ. ಬುಗುರಿ ಈಜಿ ಈಜಿ, ಅರ್ಧ ದಾರೀಲಿ ನಿಂತು, ಮೂಗೆತ್ತಿ, ತಿರುಗಿ ಅವನನ್ನೇ ನೋಡ್ತು.

"ಎಡಕ್ಕೆ ಅನ್ನಯ್ಯ," ಅಂದ್ರು ನಾಯಕರು ಹಿಂದಿನಿಂದ.

ಓಬಳನ ಎರಡು ಬೆರಳು ಆಗಲೇ ಬಾಯೊಳಗೆ. ಊದಿದ್ರೆ ಸಿಳ್ಳೆ. ಅಪ್ಪನ ಕೆರೆ ಇದೊಂದು ಉಸಿರಿನ ಮೇಲೆ ನಿಂತಿದೆ. ಅವನು ಆ ಬೆರಳನ್ನ ಕಚ್ಕೊಂಡ. ಜೋರಾಗಿ. ಸಿಳ್ಳೆ ಬರಲಿಲ್ಲ.

ಬುಗುರಿ ಬಲಕ್ಕೆ ತಿರುಗ್ತು. ಜೊಂಡಿನೊಳಗೆ ಮಾಯವಾಯ್ತು. ಎಷ್ಟು ಹೊತ್ತಾದ್ರೂ ಬರಲಿಲ್ಲ. ನಾಯಕರು ಕೆಮ್ಮಿದ್ರು. ಆಮೇಲೆ ಜೊಂಡು ಅಲ್ಲಾಡ್ತು, ಬುಗುರಿ ಬಂತು, ಬಾಯಲ್ಲಿ ಬಾತು.

ಎಲ್ಲರ ಎದುರಿಗೇ ಓಬಳ ಕೆಸರಲ್ಲಿ ಮಂಡಿಯೂರಿ ನಾಯಿಗೆ ಕೈ ಮುಗಿದ. ನೆಂಟರೆಲ್ಲ ನಕ್ಕರು. ನಾಯಕರು ನಗಲಿಲ್ಲ. "ಕೆರೆ ನಿಂದೇ," ಅಂದ್ರು.

ಮತ್ತೆ ಒಂದೇ ಉಸಿರಿಗೆ ಮನೆಗೆ ಓಡಿದ. "ಅವ್ವಾ, ನೀನು ನಂಬಲ್ಲ..."

"ನಂಬ್ತೀನಿ," ಅಂದ್ಳು ಅವ್ವ. "ಮೊದಲು ಅದರ ಮೈ ಒರೆಸು."

ನೀತಿ: ಹೇಳಿದ ಮಾತು ಕೇಳೋದನ್ನ ಯಾರು ಬೇಕಾದ್ರೂ ಕಲಿಸ್ತಾರೆ. ತನ್ನ ಕೈ ತಪ್ಪು ದಾರಿ ತೋರಿಸಿದಾಗ ಸರಿದಾರಿ ಹಿಡಿದ ಶಿಷ್ಯನಿಗೆ ತಲೆಬಾಗೋನೇ ನಿಜವಾದ ಗುರು.

ಈಗ ನಿಜ ಹೇಳಿ, ಮೊದಲನೇ ದಿನ ಆ ದಡದಲ್ಲಿ ನೀವು ನಿಂತಿದ್ರೆ, ಬುಗುರಿನ ಯಾರ ಕೈಗೆ ಕೊಡ್ತಿದ್ರಿ?